ಡ್ಯಾಶ್‌ಬೋರ್ಡ್ ತುಂಬ ದೀಪ: ಮಳೆಗಾಲ ಕಳೆದ ಜಿಟಿ-ಆರ್ ಮುನಿಸಿಕೊಂಡರೆ ಹುಡುಕುವ ದಾರಿ

ಮೊದಲು ಕಾಯಿಲೆ ಏನು ಅಂತ ಹೇಳಿಬಿಡುತ್ತೇನೆ. ಕಾರು ನಿಸಾನ್ ಕಂಪನಿಯ ಜಿಟಿ-ಆರ್ ಸ್ಪೋರ್ಟ್ಸ್ ಕಾರು, ಆರ್35 ಅನ್ನುವ ಮಾಡೆಲ್. ಜೂನ್ ಮಧ್ಯದಿಂದ ಆಗಸ್ಟ್ ಕೊನೆವರೆಗೆ ಆಗುಂಬೆ ಪಕ್ಕದ ಮೇಗರವಳ್ಳಿ ಕಡೆಯ ಒಂದು ತೋಟದ ಮನೆಯ ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು. ಹಬ್ಬಕ್ಕೆ ಊರಿಗೆ ಬಂದ ಆ ಮನೆಯ ಮಗ ಸೆಲ್ಫ್ ಹೊಡೆದ. ಎಂಜಿನ್ ಒದ್ದಾಡಿಕೊಂಡು ಶುರುವಾಯಿತು. ಗೇರ್ ಹಾಕಿದರೆ ಕಾರು ಕದಲಲಿಲ್ಲ, ಪರದೆ ಮೇಲೆ ಗೇರ್‌ಬಾಕ್ಸ್ ಎಚ್ಚರಿಕೆ ಬಂತು. ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು ಮಾಡಿದ. ಈ ಸಲ ಕದಲಿತು. ಒದ್ದೆ ರಸ್ತೆಯಲ್ಲಿ ಮೂರು ಕಿಲೋಮೀಟರ್ ಹೋಗುವಷ್ಟರಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚದಂತೆ ನೋಡುವುದು), ವಿಡಿಸಿ (ಕಾರು ಜಾರದಂತೆ ಹಿಡಿಯುವುದು), ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಬಲ ಕೊಡುವುದು) ಮೂರೂ ದೀಪ ಒಟ್ಟಿಗೆ ಹತ್ತಿದವು. ಮನೆಗೆ ತಂದು ಅರ್ಧ ದಿನ ನಿಲ್ಲಿಸಿದರೆ ದೀಪ ಮಾಯ. ಮತ್ತೆ ಹೊರಗೆ ತೆಗೆದರೆ ಮತ್ತೆ ಅದೇ ಕಥೆ.

ಅವನು ಬೆಂಗಳೂರಿಗೆ ಫೋನ್ ಮಾಡಿದ. ಅಲ್ಲಿಯ ಒಬ್ಬ ಮೆಕ್ಯಾನಿಕ್ ಕಾರನ್ನು ನೋಡದೆಯೇ ಹೇಳಿದರಂತೆ: "ಗೇರ್‌ಬಾಕ್ಸ್ ಇಳಿಸಬೇಕು, ಲಾರಿ ಮೇಲೆ ಕಳಿಸಿ."

ನಾನು ಶಿವಮೊಗ್ಗದಲ್ಲಿ ಆಟೋ ಎಲೆಕ್ಟ್ರಿಷಿಯನ್. ದಿನಾ ಕೈಗೆ ಬರುವುದು ಪಿಕಪ್, ಓಮ್ನಿ, ಬೊಲೆರೊ. ಈ ಕಾರಿನ ಗೇರ್‌ಬಾಕ್ಸ್ ಬಿಚ್ಚುವ ಕೆಲಸ ನನ್ನದಲ್ಲ, ಬಿಚ್ಚುವ ಆಸೆಯೂ ಇಲ್ಲ. ಆದರೆ ಬ್ಯಾಟರಿ, ವೈರು, ಸೆನ್ಸರ್ ಎಲ್ಲ ಕಾರಿನಲ್ಲೂ ಒಂದೇ ಜಾತಿ. ಗೇರ್‌ಬಾಕ್ಸ್ ಮುಟ್ಟುವ ಮುಂಚೆ ನೋಡಬೇಕಾದ್ದು ಬಹಳ ಇದೆ. ಅದೆಲ್ಲ ಅಗ್ಗದ್ದು. ಬಹಳ ಸಲ ತಪ್ಪು ಅಲ್ಲೇ ಸಿಗುತ್ತದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಎಲ್ಲರೂ ಯಾಕೆ ಈಗ ಹೆದರುತ್ತಿದ್ದಾರೆ

2025ರ ಆಗಸ್ಟ್ 26ಕ್ಕೆ ಜಪಾನಿನ ತೊಚಿಗಿ ಕಾರ್ಖಾನೆಯಿಂದ ಕೊನೆಯ ಆರ್35 ಹೊರಗೆ ಬಂತು. 2007ರಲ್ಲಿ ಶುರುವಾದ ಮಾಡೆಲ್, 18 ವರ್ಷದಲ್ಲಿ ಸುಮಾರು 48,000 ಕಾರು. ನಮ್ಮಲ್ಲಿ ಅವತ್ತು ಗೌರಿ ಹಬ್ಬ. ಮಗ ಮೊಬೈಲಿನಲ್ಲಿ ಆ ಸುದ್ದಿ ಓದಿದ ದಿನವೇ ಶೆಡ್ಡಿನ ಕಾರು ಹಟ ಹಿಡಿದಿತ್ತು. "ಅಣ್ಣ, ಇನ್ನು ಪಾರ್ಟ್ಸ್ ಸಿಗಲ್ಲ, ಈಗಲೇ ಗೇರ್‌ಬಾಕ್ಸ್ ಮಾಡಿಸಿಬಿಡ್ಲಾ?" ಅಂತ ನನ್ನನ್ನೇ ಕೇಳಿದ.

ಈ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ನಿಸಾನ್ ಕಂಪನಿ ಈಗ ಕಷ್ಟದಲ್ಲಿದೆ. 20,000 ಜನರನ್ನು ಕಡಿಮೆ ಮಾಡುತ್ತೇವೆ, 17 ಕಾರ್ಖಾನೆಗಳನ್ನು 10ಕ್ಕೆ ಇಳಿಸುತ್ತೇವೆ ಅಂತ 2025ರಲ್ಲೇ ಹೇಳಿದೆ. ಆದರೆ ಇದೇ ಕಂಪನಿ 1989ರ ಜಿಟಿ-ಆರ್ ಮಾಡೆಲ್ ಆರ್32ಕ್ಕೆ ಬೇಕಾದ ಹಳೆ ಭಾಗಗಳನ್ನು ಮತ್ತೆ ತಯಾರಿಸಿ ಮಾರುತ್ತಿದೆ. ಆಮೇಲೆ ಆರ್33, ಆರ್34ಕ್ಕೂ ಅದೇ ಮಾಡಿತು. ಜಿಟಿ-ಆರ್ ಹೆಸರನ್ನು ಬಿಟ್ಟುಬಿಡುತ್ತಿಲ್ಲ ಅಂತಲೂ ಹೇಳಿದೆ. ಹಾಗಾಗಿ ನಾಳೆ ಬೆಳಗ್ಗೆಗೇ ಪಾರ್ಟ್ಸ್ ಮುಗಿದುಹೋಗುತ್ತವೆ ಅಂತ ಇವತ್ತು ರಾತ್ರಿ ಗೇರ್‌ಬಾಕ್ಸ್ ಬಿಚ್ಚಿಸಬೇಡಿ. ಅವಸರದಲ್ಲಿ ಬಿಚ್ಚಿದ ಒಳ್ಳೆಯ ಗೇರ್‌ಬಾಕ್ಸ್‌ಗೆ ಹೊಸ ಕಾಯಿಲೆ ಬರುವುದು ಸುಲಭ.

ಮೊದಲು ಪೆನ್ನು, ಆಮೇಲೆ ಸ್ಪಾನರ್

ದೀಪ ಹತ್ತಿದ ತಕ್ಷಣ ಎಲ್ಲರೂ ಮಾಡುವ ತಪ್ಪು ಒಂದೇ. ಬ್ಯಾಟರಿ ವೈರ್ ತೆಗೆದು ಹಾಕುವುದು, ಇಲ್ಲವೇ ಕೈಗೆ ಸಿಕ್ಕ ಸ್ಕ್ಯಾನರಿನಲ್ಲಿ ಕೋಡ್ (ಕಾರಿನ ಕಂಪ್ಯೂಟರ್ ಬರೆದಿಡುವ ತಪ್ಪಿನ ಗುರುತು) ಅಳಿಸುವುದು. ದೀಪ ಹೋಗುತ್ತದೆ, ಜೊತೆಗೆ ಸಾಕ್ಷಿಯೂ ಹೋಗುತ್ತದೆ. ಯಾವ ಕೋಡ್ ಮೊದಲು ಬಂತು, ಆಗ ವೇಗ ಎಷ್ಟಿತ್ತು, ವೋಲ್ಟೇಜ್ ಎಷ್ಟಿತ್ತು ಅಂತ ಕಂಪ್ಯೂಟರ್ ಬರೆದಿಟ್ಟಿದ್ದೆಲ್ಲ ಅಳಿಸಿಹೋಗುತ್ತದೆ.

ಒಂದು ಚೀಟಿ ತೆಗೆದುಕೊಳ್ಳಿ. ಯಾವ ದೀಪ, ಯಾವ ಕ್ರಮದಲ್ಲಿ, ಕಾರು ತಣ್ಣಗಿತ್ತಾ ಬಿಸಿಯಾಗಿತ್ತಾ, ರಸ್ತೆ ಒಣಗಿತ್ತಾ ಒದ್ದೆಯಾಗಿತ್ತಾ, ಎಷ್ಟು ದೂರಕ್ಕೆ ಬಂತು. ಇಷ್ಟು ಬರೆಯಿರಿ. ಮೊಬೈಲಿನಲ್ಲಿ ಡ್ಯಾಶ್‌ಬೋರ್ಡಿನ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಈ ಕಾರಿನಲ್ಲಿ ಒಂದು ಅನುಕೂಲ ಇದೆ. ನಡುವಿನ ಪರದೆಯಲ್ಲಿ ಎಂಜಿನ್ ಆಯಿಲ್, ಗೇರ್‌ಬಾಕ್ಸ್ ಆಯಿಲ್ ಎರಡರ ಬಿಸಿಯೂ ಕಾಣುತ್ತದೆ, ಮುಂದಿನ ಚಕ್ರಕ್ಕೆ ಎಷ್ಟು ಬಲ ಹೋಗುತ್ತಿದೆ ಅನ್ನುವುದೂ ಕಾಣುತ್ತದೆ. ಕಾರ್ ರೇಸ್ ವಿಡಿಯೋ ಗೇಮ್ ಮಾಡುವವರ ಹತ್ತಿರ ಆ ಪರದೆ ಮಾಡಿಸಿದ್ದರು. ಆಟದ ಸಾಮಾನು ಅಂತ ಅನ್ನಿಸಬಹುದು, ಆದರೆ ತಪ್ಪು ಹುಡುಕುವವನಿಗೆ ಅದು ಥರ್ಮಾಮೀಟರ್ ಇದ್ದಂತೆ.

ಆ ಮನೆಯ ಹುಡುಗ ಹೇಳಿದ ಎರಡು ಮಾತು ನನಗೆ ಅರ್ಧ ದಾರಿ ತೋರಿಸಿತು. ಒಂದು, ಮೊದಲ ಸಲ ಸೆಲ್ಫ್ ಒದ್ದಾಡಿತು. ಇನ್ನೊಂದು, ನೀರು ನಿಂತ ರಸ್ತೆ ದಾಟಿದ ಮೇಲೇ ದೀಪ ಬಂತು. ಗೇರ್‌ಬಾಕ್ಸ್ ಒಳಗಿನ ಪಿನ್ನು, ಕ್ಲಚ್ಚಿಗೆ ರಸ್ತೆಯ ಕೊಚ್ಚೆ ಗೊತ್ತಾಗುವುದಿಲ್ಲ, ಅಲ್ವಾ? ಹೊರಗಿನ ವೈರಿಗೆ ಗೊತ್ತಾಗುತ್ತದೆ.

ಬ್ಯಾಟರಿ

ಅಂಗಳದಲ್ಲಿ ಮೀಟರ್ ಹಿಡಿದು ಕೂತಾಗ ಮನೆ ಯಜಮಾನರು ಕಾಫಿ ಲೋಟ ಹಿಡಿದುಕೊಂಡು ಬಂದು ನೋಡಿ ನಕ್ಕರು. "ಎಂತ ಮಾರಾಯ, ಎರಡು ಕೋಟಿ ಕಾರಿಗೆ ಇಷ್ಟೇ ಸಾಮಾನು ತಂದಿದ್ದಾ?" 2016ರ ಡಿಸೆಂಬರಿನಲ್ಲಿ ಈ ಕಾರು ನಮ್ಮ ದೇಶಕ್ಕೆ ಬಂದಾಗ ಶೋರೂಂ ಬೆಲೆ 1.99 ಕೋಟಿ ಇತ್ತು. ಅವರ ಲೆಕ್ಕ ಸರಿಯೇ. ಆದರೆ ವೋಲ್ಟ್ ಅಳೆಯುವುದಕ್ಕೆ ಕೋಟಿ ಬೇಕಾಗಿಲ್ಲ.

ರಾತ್ರಿ ಇಡೀ ನಿಂತ ಕಾರಿನ ಬ್ಯಾಟರಿ ಅಳೆದರೆ 12.6 ವೋಲ್ಟ್ ಆಸುಪಾಸು ಇರಬೇಕು. 12.2 ಅಂದರೆ ಅರ್ಧ ಖಾಲಿ. ನಮಗೆ ಸಿಕ್ಕಿದ್ದು 11.9. ಸೆಲ್ಫ್ ಹೊಡೆಯುವಾಗ ವೋಲ್ಟ್ ಇಳಿಯುವುದು ಸಹಜ, ಆದರೆ 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿಯನ್ನು ನಂಬಬೇಡಿ. ಇಲ್ಲಿ 8.7ಕ್ಕೆ ಬಿತ್ತು. ಎಂಜಿನ್ ಓಡುವಾಗ 13.8ರಿಂದ 14.4 ಬಂತು, ಅಂದರೆ ಆಲ್ಟರ್ನೇಟರ್ ಗಟ್ಟಿಯಾಗಿದೆ.

ಈಗಿನ ಕಾರಿನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಕಂಪ್ಯೂಟರ್. ಎಂಜಿನ್ನಿಗೆ ಒಂದು, ಗೇರ್‌ಬಾಕ್ಸಿಗೆ ಒಂದು, ಬ್ರೇಕಿಗೆ ಒಂದು. ಅವೆಲ್ಲ ಒಂದೇ ಜೋಡಿ ತಂತಿಯ ಮೇಲೆ ಮಾತಾಡಿಕೊಳ್ಳುತ್ತವೆ. ಸೆಲ್ಫ್ ಹೊಡೆಯುವ ಆ ಒಂದೆರಡು ಸೆಕೆಂಡಿನಲ್ಲಿ ವೋಲ್ಟ್ ಪಾತಾಳಕ್ಕೆ ಹೋದರೆ ಕೆಲವು ಕಂಪ್ಯೂಟರ್ ಕಣ್ಣು ಮುಚ್ಚಿಬಿಡುತ್ತವೆ. ಉಳಿದವು "ಅವನು ಉತ್ತರ ಕೊಡ್ತಾ ಇಲ್ಲ" ಅಂತ ದೂರು ಬರೆಯುತ್ತವೆ. ಆ ದೂರೇ ದೀಪ. ಗೇರ್‌ಬಾಕ್ಸ್ ಕಂಪ್ಯೂಟರ್ ಅನುಮಾನ ಬಂದರೆ ಗೇರ್ ಕೊಡುವುದಿಲ್ಲ. ಹಾಗೆ ಕೊಡದಿರುವುದೇ ಸರಿ. ಅದು ಕೆಟ್ಟಿದೆ ಅಂತ ಅರ್ಥ ಅಲ್ಲ.

ಯಾಕೆ ಬ್ಯಾಟರಿ ಇಳಿಯಿತು? ಎಲ್ಲೋ ಕರೆಂಟ್ ಸೋರುತ್ತಿದೆ ಅಂತ ಹುಡುಗನಿಗೆ ಅನುಮಾನ. ಅಳೆದು ನೋಡಿದೆವು. ಕೀಲಿಯನ್ನು ಮನೆಯೊಳಗೆ ಇಟ್ಟು, ಬಾಗಿಲು ಹಾಕಿ, ಅರ್ಧ ಗಂಟೆ ಕಾಯಬೇಕು. ಕಂಪ್ಯೂಟರುಗಳು ನಿದ್ದೆಗೆ ಜಾರಿದ ಮೇಲೆ ಎಳೆಯುವ ಕರೆಂಟ್ 50 ಮಿಲಿ ಆಂಪಿಯರ್ ಒಳಗೆ ಇದ್ದರೆ ಸೋರಿಕೆ ಇಲ್ಲ ಅಂತ ಲೆಕ್ಕ. ಸೋರಿಕೆ ಇರಲಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: 50 ಮಿಲಿ ಆಂಪಿಯರ್ ಅಂದರೆ ದಿನಕ್ಕೆ 1.2 ಆಂಪಿಯರ್ ಅವರ್. 60 ದಿನಕ್ಕೆ 72. ಕಾರಿನ ಬ್ಯಾಟರಿಯಲ್ಲಿ ಅಷ್ಟು ಇರುವುದೇ ಕಷ್ಟ. ಅಂದರೆ ಯಾವ ತಪ್ಪೂ ಇಲ್ಲದ ಕಾರು ಕೂಡ ಒಂದು ಮಳೆಗಾಲ ನಿಂತರೆ ಬ್ಯಾಟರಿಯನ್ನು ಮುಗಿಸಿಬಿಡುತ್ತದೆ. ಅಗ್ಗದ ಬ್ಲೂಟೂತ್ ಸ್ಕ್ಯಾನರನ್ನು ಸಾಕೆಟ್ಟಿನಲ್ಲೇ ಮರೆತು ಬಿಟ್ಟಿದ್ದರೆ ಇನ್ನೂ ಬೇಗ.

ಇಲ್ಲಿ ಒಂದು ಎಚ್ಚರಿಕೆ. ಹಳ್ಳಿಯಲ್ಲಿ ಕಾರು ಶುರುವಾಗದಿದ್ದರೆ ಪಕ್ಕದ ಮನೆ ಟ್ರ್ಯಾಕ್ಟರ್ ಬರುತ್ತದೆ, ಅದೂ ಇಲ್ಲದಿದ್ದರೆ ಅಡಿಕೆ ಸಾಗಿಸುವ ಲಾರಿ ಬರುತ್ತದೆ. ಲಾರಿಯಲ್ಲಿ ಇರುವುದು 24 ವೋಲ್ಟ್. ಅದರಿಂದ ವೈರ್ ಕೊಟ್ಟರೆ ಆಮೇಲೆ ಈ ಬರಹ ಓದುವುದರಿಂದ ಪ್ರಯೋಜನ ಇಲ್ಲ, ಒಂದೊಂದೇ ಕಂಪ್ಯೂಟರಿನ ಬೆಲೆ ವಿಚಾರಿಸಬೇಕಾಗುತ್ತದೆ. ಬ್ಯಾಟರಿ ಅಂಗಡಿಯ ದೊಡ್ಡ ಬೂಸ್ಟರ್ ಚಾರ್ಜರನ್ನೂ ಕಾರಿನ ವೈರ್ ಸಿಕ್ಕಿಸಿಯೇ ಇರುವ ಬ್ಯಾಟರಿಗೆ ಕೊಡಬೇಡಿ. ಬ್ಯಾಟರಿ ಹೊರಗೆ ತೆಗೆದು ನಿಧಾನಕ್ಕೆ ಚಾರ್ಜ್ ಮಾಡಿ. ನಾವು ಹೊಸ ಬ್ಯಾಟರಿಯನ್ನೇ ಹಾಕಿದೆವು. ಟರ್ಮಿನಲ್ ಮೇಲೆ ಹಸಿರು ಕಿಲುಬು ಕಟ್ಟಿತ್ತು, ಬಾಡಿ ಅರ್ಥ್ ಬೋಲ್ಟಿನ (ಬ್ಯಾಟರಿಯ ನೆಗೆಟಿವ್ ವೈರನ್ನು ಕಾರಿನ ಬಾಡಿಗೆ ಬಿಗಿದ ಜಾಗ) ಕೆಳಗೂ ಕಟ್ಟಿತ್ತು. ಆಗುಂಬೆ ಪಕ್ಕದ ಊರು, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಬೀಳುವ ಜಾಗ. ಬಾಗಿಲ ಚಿಲಕಕ್ಕೇ ತುಕ್ಕು ಹಿಡಿಯುತ್ತದೆ, ಬೋಲ್ಟ್ ಯಾವ ಲೆಕ್ಕ. ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಬಿಗಿ ಮಾಡಿದೆ.

ಗೇರ್ ಸಿಗದ ತೊಂದರೆ ಅಲ್ಲಿಗೆ ನಿಂತಿತು. ಮತ್ತೆ ಬರಲೇ ಇಲ್ಲ.

ಆದರೆ ದೀಪ ಬಂತು

ಹೊಸ ಬ್ಯಾಟರಿ ಹಾಕಿ ಖುಷಿಯಾಗಿ ತೀರ್ಥಹಳ್ಳಿ ಕಡೆಗೆ ಹೊರಟರೆ, ಅದೇ ಮೂರು ಕಿಲೋಮೀಟರಿಗೆ ಅದೇ ಮೂರು ದೀಪ. ಆಗ ಗೊತ್ತಾಯಿತು, ಇಲ್ಲಿ ಕಳ್ಳ ಒಬ್ಬನಲ್ಲ, ಇಬ್ಬರು. ಇಬ್ಬರೂ ಒಂದೇ ವಾರ ಬಂದಿದ್ದರಿಂದ ಎರಡೂ ಸೇರಿ ಗೇರ್‌ಬಾಕ್ಸ್ ತಪ್ಪು ಅನ್ನುವ ಹಾಗೆ ಕಂಡಿತ್ತು. ಒಂದು ತಪ್ಪು ಸಿಕ್ಕಿದ ಮೇಲೆ ಹುಡುಕುವುದನ್ನು ನಿಲ್ಲಿಸಬೇಡಿ ಅಂತ ಹೇಳುವುದಕ್ಕೆ ಇದನ್ನು ಬರೆದೆ.

ಈಗ ಸ್ಕ್ಯಾನರ್ ಹಾಕುವ ಹೊತ್ತು. ಮೊಬೈಲಿಗೆ ಸೇರಿಸುವ ಸಾವಿರ ರೂಪಾಯಿಯ ಡಬ್ಬಿ ಎಂಜಿನ್ ಕೋಡ್ ಮಾತ್ರ ಓದುತ್ತದೆ. ಅದು "ಕೋಡ್ ಇಲ್ಲ" ಅಂದರೆ ಎಂಜಿನ್ನಿನಲ್ಲಿ ಕೋಡ್ ಇಲ್ಲ ಅಂತ ಅಷ್ಟೇ. ಬ್ರೇಕ್, ಗೇರ್‌ಬಾಕ್ಸ್ ಕಂಪ್ಯೂಟರುಗಳ ಜೊತೆ ಅದು ಮಾತೇ ಆಡಿರುವುದಿಲ್ಲ. ನಿಸಾನ್‌ನ ಸ್ವಂತ ಉಪಕರಣ ಕನ್ಸಲ್ಟ್. ಅದು ಸಿಗದಿದ್ದರೆ ನಿಸಾನಿನ ಎಲ್ಲ ಕಂಪ್ಯೂಟರ್ ಓದುವ ಒಳ್ಳೆಯ ಸ್ಕ್ಯಾನರ್ ಆಗುತ್ತದೆ.

ಕೋಡಿನ ಮೊದಲ ಅಕ್ಷರ ನೋಡಿದರೇ ಅರ್ಧ ವಿಷಯ ತಿಳಿಯುತ್ತದೆ. ಪಿ ಅಂದರೆ ಎಂಜಿನ್, ಗೇರ್‌ಬಾಕ್ಸ್. ಸಿ ಅಂದರೆ ಬ್ರೇಕ್, ಚಕ್ರದ ಕಡೆ. ಯು ಅಂದರೆ ಕಂಪ್ಯೂಟರುಗಳ ನಡುವಿನ ಮಾತುಕತೆ. ನಾಲ್ಕಾರು ಯು ಕೋಡ್ ಒಟ್ಟಿಗೆ ಕಂಡರೆ ಮೊದಲು ಬ್ಯಾಟರಿ, ಅರ್ಥ್ ನೋಡಿ. ನಮ್ಮಲ್ಲಿ ಹಳೆಯ ಯು ಕೋಡುಗಳ ಗುಂಪು ಇತ್ತು, ಅದು ಮೊದಲ ಕಳ್ಳನ ಹೆಜ್ಜೆ ಗುರುತು. ಅದರ ಜೊತೆ ಒಂಟಿಯಾಗಿ ಒಂದು ಸಿ1102 ಇತ್ತು. ನಿಸಾನ್ ಕಾರುಗಳಲ್ಲಿ ಸಿ1101 ಹಿಂದಿನ ಬಲ ಚಕ್ರದ ವೇಗದ ಸೆನ್ಸರ್, 1102 ಹಿಂದಿನ ಎಡ, 1103 ಮುಂದಿನ ಬಲ, 1104 ಮುಂದಿನ ಎಡ.

ಒಂದು ಚಕ್ರದ ಸೆನ್ಸರಿಗೆ ಮೂರು ದೀಪ ಯಾಕೆ? ಈ ಕಾರಿನ ಮೈಕಟ್ಟು ಗೊತ್ತಿದ್ದರೆ ಅದು ಅರ್ಥವಾಗುತ್ತದೆ. ಎಂಜಿನ್ ಮುಂದಿದೆ, ಗೇರ್‌ಬಾಕ್ಸ್ ಹಿಂದಿದೆ. ಕಾರ್ಬನ್ ಫೈಬರಿನ ಶಾಫ್ಟ್ ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುತ್ತದೆ. ಅಲ್ಲಿಂದ ಇನ್ನೊಂದು ಶಾಫ್ಟ್ ಮತ್ತೆ ಮುಂದಿನ ಚಕ್ರಕ್ಕೆ ಬರುತ್ತದೆ. ಯಾವ ಕ್ಷಣ ಮುಂದಕ್ಕೆ ಎಷ್ಟು ಬಲ ಕೊಡಬೇಕು ಅಂತ ತೀರ್ಮಾನ ಮಾಡುವುದು ನಾಲ್ಕು ಚಕ್ರಗಳ ವೇಗ ನೋಡಿ. ಎಬಿಎಸ್ ನೋಡುವುದೂ ಅದನ್ನೇ, ಜಾರದಂತೆ ಹಿಡಿಯುವ ವಿಡಿಸಿ ನೋಡುವುದೂ ಅದನ್ನೇ. ನಾಲ್ವರಲ್ಲಿ ಒಬ್ಬ ಸುಳ್ಳು ಹೇಳಿದರೆ ಮೂರು ಜನರೂ ಕೆಲಸ ಬಿಟ್ಟು ಕೂರುತ್ತಾರೆ.

ಸ್ಕ್ಯಾನರಿನಲ್ಲಿ ನಾಲ್ಕು ಚಕ್ರದ ವೇಗವನ್ನೂ ಒಟ್ಟಿಗೆ ತೆರೆದಿಟ್ಟು, ಇನ್ನೊಬ್ಬರನ್ನು ಪಕ್ಕ ಕೂರಿಸಿಕೊಂಡು ನಿಧಾನಕ್ಕೆ ಓಡಿಸಿ. ಒಣ ರಸ್ತೆಯಲ್ಲಿ ನಾಲ್ಕೂ 30, 30, 30, 30. ಒಂದು ಹೊಂಡದ ನೀರು ದಾಟಿದ್ದೇ ತಡ, ಹಿಂದಿನ ಎಡ 30ರಿಂದ 0, ಮತ್ತೆ 30, ಮತ್ತೆ 0. ದೀಪ ಹತ್ತಿತು. ಅಪರಾಧಿ ಸಿಕ್ಕಿದ ಹಾಗೆ.

ಟಯರ್ ಮೇಲೆ ಅನುಮಾನ ಪಟ್ಟು ಅರ್ಧ ದಿನ ಕಳೆದೆ

ನಿಜ ಹೇಳಬೇಕೆಂದರೆ, ಸ್ಕ್ಯಾನರಿಗೆ ಮುಂಚೆ ನಾನು ಟಯರ್ ಹಿಂದೆ ಬಿದ್ದಿದ್ದೆ. ಹಿಂದಿನ ಎರಡು ಟಯರ್ ಈ ವರ್ಷ ಹೊಸದಾಗಿ ಹಾಕಿಸಿದ್ದು, ಮುಂದಿನವು ಹಳೆಯವು ಅಂತ ಹುಡುಗ ಹೇಳಿದ್ದ. ತಪ್ಪು ಅದಾಗಿರಲಿಲ್ಲ. ಆದರೂ ಈ ವಿಷಯ ಬಿಡುವ ಹಾಗಿಲ್ಲ.

ಮುಂದಿನ ಟಯರ್ 255/40, ಹಿಂದಿನದು 285/35, ಎರಡೂ 20 ಇಂಚಿನ ರಿಮ್ಮಿಗೆ. ಲೆಕ್ಕ ಹಾಕಿದರೆ ಮುಂದಿನ ಟಯರಿನ ವ್ಯಾಸ 712 ಮಿಲಿಮೀಟರ್, ಹಿಂದಿನದು 707.5. ಹಿಂದಿನದು ಅಗಲ ಜಾಸ್ತಿ, ಎತ್ತರ ಒಂಚೂರು ಕಡಿಮೆ. ಕಂಪನಿ ಇಟ್ಟ ವ್ಯತ್ಯಾಸ ಬರೀ 4.5 ಮಿಲಿಮೀಟರ್. ಈಗ ಮುಂದಿನ ಟಯರ್ 3 ಮಿಲಿಮೀಟರ್ ಸವೆಯಿತು ಅಂದುಕೊಳ್ಳಿ. ವ್ಯಾಸದಲ್ಲಿ 6 ಮಿಲಿಮೀಟರ್ ಹೋಯಿತು, ಅಂದರೆ 706. ದೊಡ್ಡದಾಗಿ ಇರಬೇಕಾದ್ದು ಚಿಕ್ಕದಾಯಿತು. ಮುಂದಿನ ಚಕ್ರ ಜೋರಾಗಿ ತಿರುಗುತ್ತಿದೆ ಅಂತ ಕಂಪ್ಯೂಟರಿಗೆ ಕಾಣುತ್ತದೆ. ದೀಪ ಹತ್ತದಿದ್ದರೂ ಮುಂದಿನ ಚಕ್ರಕ್ಕೆ ಬಲ ಕೊಡುವ ಕ್ಲಚ್ಚಿಗೆ ಸುಮ್ಮನೆ ಕೆಲಸ ಜಾಸ್ತಿಯಾಗುತ್ತದೆ.

ಅಳೆಯುವುದು ಸುಲಭ. ಗಟ್ಟಿ ನೆಲದ ಮೇಲೆ ಟಯರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಹಾಕಿ, ಕಾರನ್ನು ಸರಿಯಾಗಿ ಒಂದು ಸುತ್ತು ತಳ್ಳಿ, ಗೆರೆ ಮತ್ತೆ ನೆಲ ಮುಟ್ಟಿದ ಜಾಗಕ್ಕೆ ಟೇಪ್ ಹಿಡಿಯಿರಿ. ಹೊಸ ಟಯರಿಗೆ ಕಾಗದದ ಲೆಕ್ಕದಲ್ಲಿ ಮುಂದೆ 2,237, ಹಿಂದೆ 2,223 ಮಿಲಿಮೀಟರ್. ಕಾರಿನ ಭಾರಕ್ಕೆ ಟಯರ್ ಅಮುಕುವುದರಿಂದ ನಿಮಗೆ ಸ್ವಲ್ಪ ಕಡಿಮೆ ಸಿಗುತ್ತದೆ, ಚಿಂತೆ ಇಲ್ಲ. ಎಡಕ್ಕೂ ಬಲಕ್ಕೂ ಒಂದೇ ಇರಬೇಕು, ಮುಂದಿನದು ಹಿಂದಿನದಕ್ಕಿಂತ ಒಂಚೂರು ಜಾಸ್ತಿ ಇರಬೇಕು. ಅಳೆಯುವ ಮುಂಚೆ ಗಾಳಿ ಸರಿ ಮಾಡಿ. ಈ ಕಾರಿನ ಮೂಲ ಟಯರುಗಳು ಗಾಳಿ ಹೋದರೂ ಕುಸಿಯದ ಗಟ್ಟಿ ಪಕ್ಕೆಯವು, ನೋಡಿದರೆ ಗಾಳಿ ಕಡಿಮೆ ಇದೆ ಅಂತ ಗೊತ್ತೇ ಆಗುವುದಿಲ್ಲ. ಅದೇ ಗಟ್ಟಿ ಪಕ್ಕೆಯ ಕಾರಣಕ್ಕೆ ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಸಲಾಕೆ ಹಾಕಿ ಬಿಚ್ಚಿಸುವ ಸಾಹಸ ಬೇಡ. ರಿಮ್ ಹೋಗುತ್ತದೆ.

ಇಲಿ

ಹಿಂದಿನ ಎಡ ಚಕ್ರ ಬಿಚ್ಚಬೇಕು. ಕಾರಿನ ಹೊಟ್ಟೆ ನೆಲದಿಂದ ಸುಮಾರು 11 ಸೆಂಟಿಮೀಟರ್. ನಮ್ಮ ಜಾಕ್ ಅಡಿಗೆ ಹೋಗುವುದಿಲ್ಲ. ಎರಡು ದಪ್ಪ ಹಲಗೆ ಇಟ್ಟು ಕಾರನ್ನು ಅದರ ಮೇಲೆ ಹತ್ತಿಸಿ, ಆಮೇಲೆ ಜಾಕ್ ಹಾಕಿದೆವು. ಯಜಮಾನರು ಅಡಿಕೆ ದಬ್ಬೆ ತಂದು ಕೊಡಲು ಬಂದರು, ಬೇಡ ಅಂದೆ. ಕಾರಿನ ಅಡಿಗೆ ಕೈ ಹಾಕುವ ಮುಂಚೆ ಕಬ್ಬಿಣದ ಸ್ಟ್ಯಾಂಡ್ ಕೊಡಲೇಬೇಕು. ಜಾಕ್ ಒಂದನ್ನೇ ನಂಬಿ ಯಾರೂ ಮಲಗಬೇಡಿ.

ಚಕ್ರ ತೆಗೆದರೆ ಮೊದಲು ಕಂಡಿದ್ದು ಅಡಿಕೆ ಸಿಪ್ಪೆಯ ನಾರು. ಈ ಕಾರಿನ ಹೊಟ್ಟೆ ಕೆಳಗೆ ಚಪ್ಪಟೆ ಹೊದಿಕೆ ಇದೆ, ಗಾಳಿ ನುಣ್ಣಗೆ ಹರಿದು ಹೋಗಲಿ ಅಂತ. ಮಲೆನಾಡಿನ ಇಲಿಗೆ ಅದು ಬೆಚ್ಚಗಿನ ಅಟ್ಟ. ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ಅಡಿಕೆ ಮೂಟೆ. ಹೊರಗೆ ಜಡಿಮಳೆ. ಇನ್ನೇನು ಬೇಕು ಅದಕ್ಕೆ? ಹೊದಿಕೆಯ ಮೇಲೆ ಗೂಡು, ಹಿಕ್ಕೆ, ಅರ್ಧ ಕಡಿದ ರಬ್ಬರ್. ಸೆನ್ಸರಿನ ವೈರ್ ಮೇಲೆ ಎರಡು ಕಡೆ ಹಲ್ಲಿನ ಗುರುತು. ಒಂದು ಕಡೆ ಹೊದಿಕೆ ಹರಿದು ತಾಮ್ರ ಹಸಿರಾಗಿತ್ತು. ಒಣಗಿದ್ದಾಗ ಉಳಿದ ನಾಲ್ಕು ಎಳೆ ಹೇಗೋ ಕೆಲಸ ಮಾಡುತ್ತಿದ್ದವು. ಕೊಚ್ಚೆ ನೀರು ಹಾರಿದಾಗ ಸಿಗ್ನಲ್ ಸತ್ತುಹೋಗುತ್ತಿತ್ತು. ಅರ್ಧ ದಿನ ನಿಂತು ಒಣಗಿದರೆ ಮತ್ತೆ ಜೀವ.

ಇಂಥ ಸೆನ್ಸರನ್ನು ಹಳೆ ಕಾಲದ ಕಾಯಿಲ್ ಸೆನ್ಸರಿನಂತೆ ಓಮ್ ನೋಡಿ ತೀರ್ಮಾನ ಮಾಡಬೇಡಿ. ಒಳಗೆ ಎಲೆಕ್ಟ್ರಾನಿಕ್ಸ್ ಇರುವ ಸೆನ್ಸರಿನಲ್ಲಿ ಮೀಟರ್ ತೋರಿಸುವ ಓಮಿಗೆ ಅರ್ಥ ಇಲ್ಲ. ಕನೆಕ್ಟರಿಗೆ ವೋಲ್ಟ್ ಬರುತ್ತಿದೆಯಾ ನೋಡಿ. ಆಮೇಲೆ ಎರಡೂ ತುದಿ ಬಿಚ್ಚಿ, ವೈರಿನ ನಡುವೆ ಕಡಿತ ಇದೆಯಾ ನೋಡಿ. ನೋಡುವಾಗ ವೈರನ್ನು ಉದ್ದಕ್ಕೂ ಅಲ್ಲಾಡಿಸುತ್ತಾ ಹೋಗಿ. ಮೀಟರ್ ಬೀಪ್ ನಿಂತ ಜಾಗವೇ ಗಾಯ. ಕನೆಕ್ಟರ್ ಒಳಗೆ ನೀರು, ಹಸಿರು ಬಣ್ಣ ಇದೆಯಾ ಅಂತಲೂ ನೋಡಿ.

ವೈರ್ ತಿರುಚಿ ಇನ್ಸುಲೇಷನ್ ಟೇಪ್ ಸುತ್ತುವ ರಿಪೇರಿ ಇಲ್ಲಿ ನಡೆಯುವುದಿಲ್ಲ. ಮುಂದಿನ ಆರಿದ್ರಾ ಮಳೆಗೆ ಅದೇ ದೀಪ ಬರುತ್ತದೆ. ಹಸಿರಾದ ಭಾಗವನ್ನು ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಬೆಸುಗೆ ಹಾಕಿ, ಒಳಗೆ ಅಂಟು ಇರುವ ಸ್ಲೀವ್ ಹಾಕಿ ಬಿಸಿ ಮಾಡಬೇಕು. ಎರಡು ವೈರಿನ ಬೆಸುಗೆ ಪಕ್ಕಪಕ್ಕ ಬರದ ಹಾಗೆ ಹಿಂದೆ ಮುಂದೆ ಮಾಡಿ. ನಾನು ಹಾಗೆ ಮಾಡಿ ಕಾರನ್ನು ಓಡಾಡುವಂತೆ ಮಾಡಿದೆ, ಹೊಸ ಸೆನ್ಸರನ್ನೂ ತರಿಸಲು ಹೇಳಿದೆ. ಚಕ್ರದ ಹತ್ತಿರದ ವೈರ್ ದಿನಾ ಬಾಗಿ ನಿಮಿರುತ್ತದೆ, ಬೆಸುಗೆಯ ಜಾಗ ಯಾವತ್ತಿದ್ದರೂ ಗಡುಸು.

ಗೇರ್‌ಬಾಕ್ಸ್ ಅಂತ ಯಾವಾಗ ಹೇಳಬಹುದು

ಬ್ಯಾಟರಿ ಸರಿ, ಅರ್ಥ್ ಸರಿ, ನಾಲ್ಕು ಚಕ್ರದ ವೇಗ ಸರಿ, ಟಯರ್ ಸರಿ. ಆದರೂ ಗೇರ್‌ಬಾಕ್ಸ್ ಕಂಪ್ಯೂಟರಿನ ಪಿ ಕೋಡ್ ಅಳಿಸಿದ ಮೇಲೆ ಮತ್ತೆ ಬರುತ್ತಿದೆ. ಆಗ ಅತ್ತ ನೋಡಿ. ಇದು ಎರಡು ಕ್ಲಚ್ಚಿನ ಆರು ಗೇರಿನ ಪೆಟ್ಟಿಗೆ. ಒಂದು ಕ್ಲಚ್ಚಿಗೆ ಒಂದು, ಮೂರು, ಐದು. ಇನ್ನೊಂದಕ್ಕೆ ಎರಡು, ನಾಲ್ಕು, ಆರು. ಒಂದು ಗುಂಪು ಪೂರ್ತಿ ಸಿಗದೆ ಇನ್ನೊಂದು ಗುಂಪು ಸಿಗುತ್ತಿದ್ದರೆ ಅದು ಬ್ಯಾಟರಿ ಕಥೆ ಅಲ್ಲ, ಒಳಗಿನ ಮಾತು. ಆಗಲೂ ಇಡೀ ಪೆಟ್ಟಿಗೆ ಇಳಿಸಬೇಕು ಅಂತ ಇಲ್ಲ. ಒಳಗೆ ಸೊಲೆನಾಯ್ಡುಗಳನ್ನು (ಕರೆಂಟಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ವಾಲ್ವು) ಹಿಡಿದಿಡುವ ಸಣ್ಣ ಕ್ಲಿಪ್ಪುಗಳು ಕಳಚಿಕೊಂಡು ಆಯಿಲ್ ಒತ್ತಡ ಹೋಗುವುದು ಈ ಪೆಟ್ಟಿಗೆಯ ಹಳೆಯ, ಹೆಸರಾದ ದೋಷ. ಕೆಳಗಿನ ಪ್ಯಾನ್ ಬಿಚ್ಚಿದರೇ ಅದು ಕಾಣುತ್ತದೆ. ಗೊತ್ತಿರುವವರ ಹತ್ತಿರ ಮೊದಲು ಅದನ್ನು ನೋಡಿಸಿ.

ಆಯಿಲ್ ವಿಷಯದಲ್ಲಿ ಜಿಪುಣತನ ಬೇಡ. ಈ ಪೆಟ್ಟಿಗೆಗೆ ಆರ್35 ಸ್ಪೆಷಲ್ ಅನ್ನುವ ಬೇರೆಯೇ ಆಯಿಲ್. ಮಾಮೂಲಿ ಆಟೋಮ್ಯಾಟಿಕ್ ಆಯಿಲ್ ಹಾಕಬಾರದು. ಕಾರನ್ನು ಸಾಗಿಸಬೇಕಾದರೆ ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ಡಿನಲ್ಲೇ ಸಾಗಿಸಿ. ಎರಡು ಚಕ್ರ ನೆಲದ ಮೇಲೆ ಬಿಟ್ಟು ಎಳೆದರೆ ಒಳ್ಳೆಯ ಪೆಟ್ಟಿಗೆಯೂ ಹಾಳು.

ಪೆಟ್ರೋಲ್ ಬಗ್ಗೆ ಎರಡು ಮಾತು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಕುಡಿಯುತ್ತದೆ. ಅರ್ಧ ಟ್ಯಾಂಕಿನಲ್ಲಿ ಮಳೆಗಾಲ ಕಳೆದರೆ ಎಂಜಿನ್ ಮುಗ್ಗರಿಸಬಹುದು, ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅನ್ನುವ ಪಿ0300 ಕೋಡ್ ಬರಬಹುದು. ಎಂಜಿನ್ ದೀಪವೂ ಜೊತೆಗೆ ಹತ್ತಿದ್ದರೆ ಮೊದಲು ಅದನ್ನು ಬಗೆಹರಿಸಿ. ಎಂಜಿನ್ ಹದ ತಪ್ಪಿದರೆ ವಿಡಿಸಿ ತಾನಾಗಿ ಆಫ್ ಆಗಿ ದೀಪ ತೋರಿಸುವುದುಂಟು. 570 ಅಶ್ವಶಕ್ತಿಯ ಅವಳಿ ಟರ್ಬೊ ಎಂಜಿನ್ನಿಗೆ ಹೆಚ್ಚು ಆಕ್ಟೇನಿನ ಪೆಟ್ರೋಲೇ ಬೇಕು. 100 ಆಕ್ಟೇನಿನದು ಬೆಂಗಳೂರಿನ ಕೆಲವು ಬಂಕಿನಲ್ಲಿ ಸಿಗುತ್ತದೆ. ಊರಿಗೆ ಹೊರಡುವ ಮುಂಚೆ ಅಲ್ಲೇ ಟ್ಯಾಂಕ್ ತುಂಬಿಸಿಕೊಂಡು ಬನ್ನಿ, ಉಳಿದದ್ದಕ್ಕೆ ಇಲ್ಲಿಯ ಬಂಕಿನಲ್ಲಿ ಇರುವುದರಲ್ಲೇ ಮೇಲಿನದ್ದು ಹಾಕಿಸಿ.

ಆ ಕಟಕಟ ಸದ್ದು

ಎಲ್ಲ ಮುಗಿದು ಕಾರು ಅಂಗಳದಲ್ಲಿ ನ್ಯೂಟ್ರಲ್‌ನಲ್ಲಿ ಓಡುತ್ತಾ ನಿಂತಿದ್ದಾಗ ಯಜಮಾನರು ಕಿವಿ ಕೊಟ್ಟರು. "ಒಳಗೆ ಎಂತದೋ ಕಟಕಟ ಅಂತದಲ್ಲ. ಡಬ್ಬಿಯೊಳಗೆ ಗೋಲಿ ಹಾಕಿದ ಹಾಗೆ." ನಿಜ, ಇತ್ತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಸದ್ದು ಕರಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ.

ಇದು ಆರ್35 ಇಟ್ಟುಕೊಂಡವರೆಲ್ಲ ಒಂದಲ್ಲ ಒಂದು ದಿನ ಕೇಳುವ ಸದ್ದು. ಎಂಜಿನ್ನಿನ ಹಿಂದೆ ಬೆಲ್ ಹೌಸಿಂಗ್ ಅನ್ನುವ ಗಂಟೆಯಾಕಾರದ ಕವಚ ಇದೆ, ಅದರೊಳಗೆ ಎಂಜಿನ್ ಜೊತೆ ತಿರುಗುವ ಭಾರದ ಚಕ್ರ, ಫ್ಲೈವೀಲ್. ಅಲ್ಲಿಂದ ಹಿಂದಕ್ಕೆ ಹೊರಡುವ ಶಾಫ್ಟನ್ನು ಹಿಡಿದಿರುವ ಬೇರಿಂಗ್ ಅಲ್ಯೂಮಿನಿಯಂ ಮನೆಯೊಳಗೆ ಸವೆದು ಸಡಿಲವಾದರೆ ಈ ಸದ್ದು. ಇದಕ್ಕೆ ದೀಪ ಹತ್ತುವುದಿಲ್ಲ, ಕೋಡ್ ಬರುವುದಿಲ್ಲ. ಗೇರ್ ಸಿಗದಿರುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದರೆ ದೀಪ ಹತ್ತಿದ ವಾರವೇ ಈ ಸದ್ದು ಕಿವಿಗೆ ಬಿದ್ದರೆ ಮನುಷ್ಯ ಎರಡನ್ನೂ ಗಂಟು ಹಾಕಿಬಿಡುತ್ತಾನೆ. ಬೆಂಗಳೂರಿಗೆ ಫೋನ್ ಮಾಡಿದಾಗಲೂ ಹಾಗೇ ಆಗಿತ್ತು. "ದೀಪ ಹತ್ತಿದೆ, ಕಟಕಟ ಸದ್ದೂ ಇದೆ" ಅಂದಿದ್ದ ಹುಡುಗ. ಅತ್ತ ಕಡೆಯವರು ಗೇರ್‌ಬಾಕ್ಸ್ ಅಂದುಬಿಟ್ಟರು.

ಸದ್ದು ಎಂಜಿನ್ ಬಿಸಿಯಾದ ಮೇಲೆ ಜೋರಾಗುತ್ತಿದೆಯಾ, ಓಡಿಸುವಾಗ ನಡುಕ ಬರುತ್ತಿದೆಯಾ ಅಂತ ತಿಂಗಳಿಗೊಮ್ಮೆ ಗಮನಿಸಿ. ಮೊಬೈಲಿನಲ್ಲಿ ಒಂದೇ ಜಾಗದಿಂದ ರೆಕಾರ್ಡ್ ಮಾಡಿಟ್ಟರೆ ಹೋಲಿಸಲು ಸುಲಭ. ಜಾಸ್ತಿಯಾದರೆ ಹೌಸಿಂಗನ್ನೇ ಬದಲಿಸಬಹುದು, ಇಲ್ಲವೇ ಗಟ್ಟಿ ಬೇರಿಂಗ್ ಹಾಕುವ ಕಿಟ್ ಸಿಗುತ್ತದೆ. ಜಾಸ್ತಿಯಾಗದಿದ್ದರೆ ಬಿಡಿ.

ಈಗ ಶೆಡ್ಡಿನಿಂದ ಅಡಿಕೆ ಮೂಟೆ ಅಟ್ಟಕ್ಕೆ ಹೋಗಿದೆ. ಬ್ಯಾಟರಿಗೆ ಸಣ್ಣ ಮೇಂಟೆನೆನ್ಸ್ ಚಾರ್ಜರ್ ಸಿಕ್ಕಿಸಿಟ್ಟಿದ್ದೇವೆ. ಕರೆಂಟ್ ಎರಡು ದಿನ ಹೋದರೂ ಅದಕ್ಕೆ ತೊಂದರೆ ಇಲ್ಲ, ಮೇಗರವಳ್ಳಿ ಕಡೆ ಹೋಗಿಯೇ ಹೋಗುತ್ತದೆ. ಕಾರಿನ ಕೆಳಗೆ ಎರಡು ಇಲಿಬೋನು. ಹದಿನೈದು ದಿನಕ್ಕೊಮ್ಮೆ ಹಿಂದಿನ ಚಕ್ರದ ಹಳ್ಳಕ್ಕೆ ಟಾರ್ಚ್ ಬಿಟ್ಟು ನೋಡುವುದು ಯಜಮಾನರ ಪಾಲಿಗೆ ಬಂದ ಕೆಲಸ. ಹೋದ ವಾರ ಫೋನ್ ಮಾಡಿದ್ದರು. ದೀಪ ಹತ್ತಿಲ್ಲ. ಕಟಕಟ ಇನ್ನೂ ಇದೆ.